ಹಸಿರು ಬಣ್ಣದ ಕೆಳಗಿದ್ದ ಹತ್ತು ಊರು

ರುದ್ರಾಣಿಗೆ ಸೈಕಲ್ ಬೇಕಾಗಿದ್ದು ಕೆಲಸಕ್ಕೆ ಹೋಗಿಬರಲು, ಅಷ್ಟೆ. ಮೆಲ್ಬರ್ನಿನ ಬಾಕ್ಸ್ ಹಿಲ್ ಬಡಾವಣೆಯ ಆಸ್ಪತ್ರೆಯಲ್ಲಿ ಅವಳ ಶಿಫ್ಟು ಬೆಳಿಗ್ಗೆ ಏಳಕ್ಕೆ ಶುರುವಾಗುತ್ತಿತ್ತು. ಮನೆಯಿಂದ ಮೂರು ಕಿಲೋಮೀಟರ್. ಇದ್ದೊಂದು ಕಾರನ್ನು ಗಂಡ ವಿಜಯ ಆಫೀಸಿಗೆ ಒಯ್ಯುತ್ತಿದ್ದ. 2005ರ ಫೆಬ್ರವರಿಯ ಒಂದು ಶನಿವಾರ, ಎರಡು ಬೀದಿ ಆಚೆ ‘ಗರಾಜ್ ಸೇಲ್’ ಎಂದು ರಟ್ಟಿನ ಮೇಲೆ ಬರೆದು ಕಂಬಕ್ಕೆ ಕಟ್ಟಿದ್ದನ್ನು ಕಂಡು ಆ ಮನೆಯ ಅಂಗಳಕ್ಕೆ ಹೋದಳು. ಹಳೆಯ ಟೋಸ್ಟರ್, ಮಕ್ಕಳ ಆಟದ ಸಾಮಾನು, ಬೇಲಿಗೊರಗಿಸಿದ ಒಂದು ಸೈಕಲ್. ಅದಕ್ಕೆ ತಲೆಯಿಂದ ಕಾಲಿನವರೆಗೆ ಗೇಟಿಗೆ ಬಳಿಯುವಂಥ ದಪ್ಪ ಹಸಿರು ಬಣ್ಣ ಬಳಿದಿದ್ದರು.

“ಶೆಡ್ಡಿನಲ್ಲಿತ್ತು. ಮನೆ ಕೊಂಡಾಗ ಜೊತೆಗೇ ಬಂತು,” ಎಂದ ಮನೆಯವನು. “ಇಪ್ಪತ್ತೈದು ಡಾಲರ್ ಕೊಟ್ಟು ತಗೊಂಡು ಹೋಗಿ.”

ಅದನ್ನು ತಳ್ಳಿಕೊಂಡು ಮನೆಗೆ ಬಂದಾಗ ವಿಜಯ ನಕ್ಕ. “ಏನ ರುದ್ರಾ, ತುಕ್ಕ ಹಿಡದದ್ದಕ್ಕ ರೊಕ್ಕ ಕೊಟ್ಟ ಬಂದೀ? ಕೆಮಾರ್ಟಿನ್ಯಾಗ ಹೊಸಾದು ಬರ್ತಿತ್ತಲ್ಲ.”

“ನಂಗ ಸಣ್ಣ ಫ್ರೇಮ್ ಬೇಕಿತ್ರೀ. ಇದರ ಮ್ಯಾಲ ಕುಂತ್ರ ಕಾಲು ನೆಲಕ್ಕ ಮುಟ್ಟತಾವ.”

ಅಂದೇ ಮಧ್ಯಾಹ್ನ ಎಣ್ಣೆ ಹಾಕಲೆಂದು ಸೈಕಲನ್ನು ತಲೆಕೆಳಗು ಮಾಡಿ ಗರಾಜಿನ ನೆಲದ ಮೇಲೆ ನಿಲ್ಲಿಸಿದಳು. ಕೊಳವೆಗಳು ಕೂಡುವ ಒಂದು ಸಂದಿಯಲ್ಲಿ ಹಸಿರು ಚಕ್ಕೆ ಎದ್ದಿತ್ತು. ಅದರ ಮೇಲೆ ಹೆಬ್ಬೆರಳು ಆಡಿದ ಕೂಡಲೇ ಕೈ ನಿಂತಿತು.

ಇಲ್ಲಿ ರುದ್ರಾಣಿಯ ಬಗ್ಗೆ ಒಂದು ಮಾತು ಹೇಳಬೇಕು. ಅವಳ ತಂದೆ ಸಿದ್ದಲಿಂಗಪ್ಪನವರಿಗೆ ಬೆಳಗಾವಿಯ ಉದ್ಯಮಬಾಗಿನಲ್ಲಿ ಒಂದು ಸಣ್ಣ ಬೆಸುಗೆಯ ಅಂಗಡಿ ಇತ್ತು. ಲೇತ್ ಯಂತ್ರದ ಟೂಲುಗಳ ತುದಿಗೆ ಗಟ್ಟಿ ಲೋಹದ ತುಣುಕನ್ನು ಹಿತ್ತಾಳೆ ಕರಗಿಸಿ ಕೂರಿಸುವ ಕೆಲಸ. ಶಾಲೆ ಬಿಟ್ಟ ಮೇಲೆ ರುದ್ರಾಣಿ ಅಲ್ಲೇ ಕೂತು, ಬೆಸೆದ ಟೂಲುಗಳನ್ನು ತಂತಿಯ ಬ್ರಷ್ಷಿನಿಂದ ತಿಕ್ಕಿ ಕೊಡುತ್ತಿದ್ದಳು. “ಬೆಸಗಿ ಅಂದ್ರ ಹೊರಗ ಮಿಂಚೂದಲ್ಲವಾ, ಒಳಗ ಹರದಿರಬೇಕು,” ಎನ್ನುತ್ತಿದ್ದರು ಸಿದ್ದಲಿಂಗಪ್ಪ. ಬಿಎಸ್ಸಿ ಆಯಿತು, ಮದುವೆಯಾಯಿತು. ವಿದ್ಯಾರ್ಥಿಯಾಗಿ ಬಂದು ಕಾಯಂ ವಾಸದ ಪಿಆರ್ ಪಡೆದು ಮೆಲ್ಬರ್ನಿನಲ್ಲೇ ನಿಂತಿದ್ದ ವಿಜಯನ ಹಿಂದೆ ಅವಳೂ ಬಂದಳು. ಆಸ್ಪತ್ರೆಯಲ್ಲಿ ಅವಳಿಗೆ ಸಿಕ್ಕ ಕೆಲಸ, ಆಪರೇಷನ್ನಿಗೆ ಬಳಸಿದ ಕತ್ತರಿ ಚಿಮಟಗಳನ್ನು ತೊಳೆದು, ಭೂತಗನ್ನಡಿಯ ಕೆಳಗೆ ಒಂದೊಂದನ್ನೂ ಹಿಡಿದು, ಎಲ್ಲಾದರೂ ಕೂದಲೆಳೆಯಷ್ಟು ಬಿರುಕಿದೆಯೇ ಎಂದು ನೋಡಿ ಸ್ಟೆರಿಲೈಸ್ ಮಾಡಲು ಕಳಿಸುವುದು. ಹೀಗಾಗಿ ಚಿಕ್ಕಂದಿನಿಂದಲೂ ಅವಳ ಕಣ್ಣು ಪಳಗಿದ್ದು ಲೋಹದ ಮೇಲೆ.

ಒಳಗಿನಿಂದ ಭೂತಗನ್ನಡಿ ತಂದು ಆ ಸಂದಿಯ ಮೇಲೆ ಹಿಡಿದಳು. ಕೊಳವೆ ಕೊಳವೆಗೆ ಕೂಡುವಲ್ಲಿ ಉಕ್ಕಿನ ಒಂದು ಕವಚ ಇರುತ್ತದೆ. ಸೈಕಲ್‌ನವರು ಅದನ್ನು ಲಗ್ ಎನ್ನುತ್ತಾರೆ. ಸಾಮಾನ್ಯ ಸೈಕಲ್ಲಿನಲ್ಲಿ ಅದು ಮೊಂಡಾಗಿ, ದಪ್ಪಗೆ ಇರುತ್ತದೆ. ಇಲ್ಲಿ ಯಾರೋ ಅದರ ಅಂಚನ್ನು ಅರದಿಂದ ಉಜ್ಜಿ ಉಜ್ಜಿ ವೀಳ್ಯದೆಲೆಯ ತುದಿಯಷ್ಟು ತೆಳುಮಾಡಿದ್ದರು. ಆ ಅಂಚಿನುದ್ದಕ್ಕೂ, ಎಲ್ಲೂ ತುಂಡಾಗದೆ, ಎಲ್ಲೂ ದಪ್ಪವಾಗದೆ, ಹಿತ್ತಾಳೆಯ ಒಂದು ಗೆರೆ ಸುತ್ತಿ ಬಂದಿತ್ತು.

“ಏನ್ರೀ, ಸ್ವಲ್ಪ ಇಲ್ಲೆ ಬರ್ರಿ.”

“ಏನಾತು? ಗಾಲಿ ಹೋತೇನು?”

“ಇದನ್ನ ನೋಡ್ರಿ. ಇಂಥಾ ಬೆಸಗಿ ನಮ್ಮ ಅಪ್ಪಾನೂ ವರ್ಷಕ್ಕ ಒಂದೆರಡ ಸಲ ಹಾಕ್ತಿದ್ದಾ. ಇದರಾಗ ಎಲ್ಲಾ ಸಂದೀನೂ ಹಿಂಗ ಅದಾವ.”

ವಿಜಯ ಬಗ್ಗಿ ನೋಡಿದ. ಅವನಿಗೆ ಹಸಿರು ಬಣ್ಣ ಕಂಡಿತು. ಆದರೆ ಹೆಂಡತಿಯ ದನಿ ಕೇಳಿ ನಗಲಿಲ್ಲ.

ಮರುದಿನದಿಂದ ಅವಳು ಆ ಸೈಕಲ್ಲಿನಲ್ಲಿ ಕೆಲಸಕ್ಕೆ ಹೋಗಲಿಲ್ಲ. ಬಸ್ಸಿಗೇ ಹೋದಳು. ಸೈಕಲ್ ಯಾರದ್ದು, ಯಾರು ಮಾಡಿದ್ದು ಎಂದು ತಿಳಿಯುವವರೆಗೆ ಅದನ್ನು ಮಳೆಯಲ್ಲಿ ನಿಲ್ಲಿಸಲು ಮನಸ್ಸು ಬರಲಿಲ್ಲ.

ಲೈಬ್ರರಿಯ ನೋಟಿಸ್ ಬೋರ್ಡಿನಲ್ಲಿ ಹಳೆಯ ಸೈಕಲ್ ಇಷ್ಟಪಡುವವರ ಕೂಟವೊಂದರ ಚೀಟಿ ಇತ್ತು. ತಿಂಗಳಿಗೊಮ್ಮೆ ಭಾನುವಾರ, ಒಂದು ಸ್ಕೌಟ್ ಹಾಲಿನಲ್ಲಿ. ರುದ್ರಾಣಿ ಹೋದಾಗ ಅಲ್ಲಿ ಮೂವತ್ತು ಜನ ಗಂಡಸರು, ಮೂವತ್ತು ಸೈಕಲ್ಲು. ಎಲ್ಲರೂ ತಿರುಗಿ ನೋಡಿದರು. ಮುಂದೆ ಬಂದು ಮಾತಾಡಿಸಿದವನು ನೋಯೆಲ್. ಎಪ್ಪತ್ತು ದಾಟಿದ ಮನುಷ್ಯ, ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು. ಯಾವ ಹಳೆಯ ಸೈಕಲ್ ತಂದರೂ ವರ್ಷ, ಊರು, ಬೆಲೆ ಹೇಳುತ್ತಾನೆ ಎಂದು ಅವನಿಗೆ ಹೆಸರಿತ್ತು. ರುದ್ರಾಣಿ ಎಂಬುದು ನಾಲಿಗೆಗೆ ಹತ್ತದೆ, ಅಂದಿನಿಂದಲೇ ‘ರೂಡಿ’ ಎಂದು ಕರೆದ.

ನೋಯೆಲ್ ಮೊದಲು ಸೈಕಲ್ಲನ್ನು ಒಂದು ಕೈಯಲ್ಲಿ ಎತ್ತಿ ತೂಗಿದ. ಉಗುರಿನಿಂದ ಕೊಳವೆಯ ನಡುವೆ ಟಣ್ಣೆಂದು ಚಿಮ್ಮಿ ಕಿವಿಗೊಟ್ಟ. ಸೀಟಿನ ಕಂಬವನ್ನು ಹೊರಗೆಳೆದು ಅದರ ದಪ್ಪ ಅಳೆದ. “ಕಂಬ ದಪ್ಪ ಇದೆ ಅಂದರೆ ಅದು ಕೂರುವ ಕೊಳವೆಯ ಗೋಡೆ ತೆಳು ಅಂತ ಅರ್ಥ. ಒಳ್ಳೇ ಉಕ್ಕು. ಅಗ್ಗದ್ದಲ್ಲ.” ಪೆಡಲುಗಳ ನಡುವಿನ ದಪ್ಪ ಸಂದಿಯ ತಳವನ್ನು ಚಿಂದಿಯಿಂದ ಉಜ್ಜಿದಾಗ ಅಲ್ಲಿ ಗುದ್ದಿದ ಅಂಕಿ ಕಂಡಿತು: 36, ಸ್ವಲ್ಪ ಜಾಗ ಬಿಟ್ಟು 9.

“ಮೂವತ್ತಾರು ಅಂದ್ರೆ ವರ್ಷ ಇರಬಹುದು. ಹಿಂದಿನ ಚಕ್ರ ಕೂರುವ ಬಾಯಿ ನೋಡು, ಆ ಕಾಲದ್ದೇ. ಆದ್ರೆ ಮೇಕರ್ ಗುರುತು ಇಲ್ಲ. ಚಕ್ರ ಐವತ್ತರ ದಶಕದ್ದು, ಹ್ಯಾಂಡಲ್ ಅರವತ್ತರದ್ದು, ಸೀಟು ಮೊನ್ನೆ ಮೊನ್ನೆಯದು. ಮೇಲೆ ಈ ದರಿದ್ರ ಹಸಿರು. ಇಲ್ಲಿ ನೋಡು, ಇದು ಇನ್ನೂ ಕೆಟ್ಟದ್ದು.”

ಅವನು ತೋರಿಸಿದ್ದು ಹಿಂಚಕ್ರದ ಕಡೆ ಹೋಗುವ ಎಡ ಕೊಳವೆ. ಅಲ್ಲಿ ಬಣ್ಣದ ಕೆಳಗೆ ಒಂದು ಗಂಟು ಉಬ್ಬಿತ್ತು. ಒಡೆದ ಕೊಳವೆಗೆ ಯಾರೋ ಉಕ್ಕಿನ ಪಟ್ಟಿ ಸುತ್ತಿ, ಹಿತ್ತಾಳೆ ಸುರಿದು, ಸುತ್ತಿಗೆಯಿಂದ ಬಡಿದು ಕೂರಿಸಿದ್ದರು.

“ಇದು ಬ್ಯಾರೆ ಕೈ,” ಎಂದಳು ರುದ್ರಾಣಿ, ಕನ್ನಡದಲ್ಲೇ. ಮತ್ತೆ ಅದನ್ನು ಇಂಗ್ಲಿಷಿನಲ್ಲಿ ಹೇಳಿದಳು.

“ಬೇರೆ ಕೈಯೇ. ಕಮ್ಮಾರನ ಕೈ. ರಿಪೇರಿ ಆದ ಫ್ರೇಮಿಗೆ ಬೆಲೆ ಬೀಳುತ್ತೆ ರೂಡಿ. ಮಾಡಿದವನು ಯಾರು ಅಂತ ಗೊತ್ತಿಲ್ಲದ ಫ್ರೇಮಿಗೆ ಇನ್ನೂ ಬೀಳುತ್ತೆ. ಅರವತ್ತು ಡಾಲರ್. ನನಗೆ ಕೊಟ್ಟರೆ ಎಪ್ಪತ್ತು, ನೀನು ಚೆನ್ನಾಗಿ ನೋಡಿದೀಯಲ್ಲ ಅದಕ್ಕೆ.”

ರುದ್ರಾಣಿ ಕೊಡಲಿಲ್ಲ. ಹಸಿರನ್ನು ತೆಗೆಯುವುದು ಹೇಗೆ ಎಂದು ಮಾತ್ರ ಕೇಳಿದಳು. ನೋಯೆಲ್ ಪ್ರಾಮಾಣಿಕ ಮನುಷ್ಯ, ಹೇಳಿಕೊಟ್ಟ: ಬಣ್ಣ ಕರಗಿಸುವ ಆಸಿಡ್ ಮುಟ್ಟಬೇಡ, ಬ್ಲೇಡು ಬೇಡವೇ ಬೇಡ. ಮೇಲಿನ ಬಣ್ಣ ಬಳಿದವನು ಕೆಳಗಿನದನ್ನು ಉಜ್ಜದೇ ಬಳಿದಿದ್ದರೆ ಅದು ಸರಿಯಾಗಿ ಹಿಡಿದಿರುವುದಿಲ್ಲ. ಮರದ ಕಡ್ಡಿಯಿಂದ ಎಬ್ಬಿಸು, ಚಕ್ಕೆ ಚಕ್ಕೆಯಾಗಿ ಬರುತ್ತದೆ. “ಮೂಲ ಬಣ್ಣ ಒಂದು ಸಲ ಹೋಯಿತು ಅಂದ್ರೆ ಯಾವ ದೇವರೂ ವಾಪಸ್ ಕೊಡಲ್ಲ.”

ಆ ಚಳಿಗಾಲವಿಡೀ ಅವಳು ಮೂರು ಗಂಟೆಗೆ ಶಿಫ್ಟು ಮುಗಿಸಿ ಬಂದು, ಒಂದು ಗಂಟೆ ಗರಾಜಿನಲ್ಲಿ ಕೂರುತ್ತಿದ್ದಳು. ಐಸ್‌ಕ್ರೀಮಿನ ಕಡ್ಡಿಯ ತುದಿ ಮಸೆದು ಇಟ್ಟುಕೊಂಡಿದ್ದಳು. ಒಂದು ದಿನಕ್ಕೆ ಬೆರಳುದ್ದ. ಮಗಳು ಗಾನವಿಗೆ ಆಗ ಎಂಟು ವರ್ಷ. “ಮಮ್, ವೈ ಡೋಂಟ್ ಯು ಜಸ್ಟ್ ಪೇಂಟ್ ಇಟ್?” ಎಂದು ಕೇಳಿ, ಉತ್ತರಕ್ಕೆ ಕಾಯದೆ ಟಿವಿಯ ಕಡೆ ಓಡುತ್ತಿದ್ದಳು.

ಹಸಿರಿನ ಕೆಳಗೆ ಕೆನೆಯ ಬಣ್ಣ ಬಂತು. ಮುಂದಿನ ಕೊಳವೆಯ ಮೇಲೆ ಕಡುಗೆಂಪಿನಲ್ಲಿ ಎರಡು ಅಕ್ಷರ: ಡಿ. ಎಚ್. ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ, ಸೀಟಿನಿಂದ ಹ್ಯಾಂಡಲ್ಲಿನವರೆಗೆ ಹೋಗುವ ಮೇಲಿನ ಕೊಳವೆಯ ಬೆನ್ನ ಮೇಲೆ ಒಂದು ಚಕ್ಕೆ ಎದ್ದು, ಕೆಳಗೆ ಅಕ್ಕಿ ಕಾಳಿನಷ್ಟು ಎತ್ತರದ ಅಕ್ಷರಗಳು ಕಂಡವು. ಸೀಮೋರ್. ಅವಳಿಗೆ ಆ ಊರು ಗೊತ್ತಿತ್ತು. ಮೆಲ್ಬರ್ನಿನಿಂದ ನೂರು ಕಿಲೋಮೀಟರ್. ಮರುದಿನ ಬೆನಾಲ ಬಂತು. ಮತ್ತೆ ವಾಂಗರಾಟ, ಆಲ್ಬರಿ, ಹೋಲ್‌ಬ್ರೂಕ್. ವಾರ ಕಳೆಯುವಷ್ಟರಲ್ಲಿ ಗಂಡಗೈ, ಯಾಸ್, ಗೋಲ್ಬರ್ನ್, ಮಿಟಗಾಂಗ್, ಲಿವರ್‌ಪೂಲ್. ಕುಂಚ ಹಿಡಿಯಲು ಬಲ್ಲವರು ಬರೆದ ಹತ್ತು ಊರುಗಳು, ಒಂದರ ಪಕ್ಕ ಒಂದು, ಲಿವರ್‌ಪೂಲ್ ಮೊದಲಾಗಿ ಸೀಮೋರ್ ಕೊನೆಯಾಗಿ.

ಗಾನವಿಯ ಶಾಲೆಯ ಅಟ್ಲಾಸ್ ತಂದು ಬೆರಳಿಟ್ಟು ನೋಡಿದಳು. ಹತ್ತೂ ಒಂದೇ ರಸ್ತೆಯ ಮೇಲಿದ್ದವು. ಸಿಡ್ನಿಯಿಂದ ಮೆಲ್ಬರ್ನಿಗೆ ಬರುವ ರಸ್ತೆ, ಹತ್ತಿರ ಹತ್ತಿರ ಒಂಬೈನೂರು ಕಿಲೋಮೀಟರ್. ಅವಳು ಸೈಕಲ್ಲಿನ ಕಡೆ ನೋಡಿದಳು. ಸಣ್ಣ ಫ್ರೇಮು. ತನ್ನಷ್ಟೇ ಎತ್ತರದ ಯಾರೋ.

“ಹೆಣ್ಣಮಗಳ್ರೀ ಆಕಿ,” ಎಂದಳು ವಿಜಯನಿಗೆ.

“ಯಾರು?”

“ಇದನ್ನ ಹೊಡದಾಕಿ.”

ನೋಯೆಲ್ ಊರುಗಳನ್ನು ಒಂದೊಂದಾಗಿ ಓದಿದ. ಆಮೇಲೆ ತಲೆಯಾಡಿಸಿದ. “ಮೆಲ್ಬರ್ನ್ ಅಂತ ಬರೆದಿಲ್ಲ. ಹೊರಟ ಊರು ಬರೆಯದಿದ್ರೆ ಸರಿ, ಮುಟ್ಟಿದ ಊರು ಯಾಕೆ ಬಿಡ್ತಾರೆ? ಸೀಮೋರ್‌ನಲ್ಲಿ ನಿಂತುಹೋಗಿದಾಳೆ ಪಾಪ. ಆದ್ರೂ ಮೂಲ ಬಣ್ಣ, ಕೈಬರಹ. ಈಗ ಐನೂರು ಡಾಲರ್ ಹೇಳಬಹುದು. ಯಾರು ಅಂತ ಗೊತ್ತಾದ್ರೆ ಮಾತೇ ಬೇರೆ.”

ಯಾರು ಎಂದು ಹುಡುಕಲು ರುದ್ರಾಣಿ ಗರಾಜ್ ಸೇಲಿನ ಮನೆಗೇ ಹೋದಳು. ಆ ಮನೆಯವನಿಗೆ ಹಿಂದಿನವರ ಹೆಸರು ನೆನಪಿರಲಿಲ್ಲ. ಪಕ್ಕದ ಮನೆಯ ಗ್ರೀಕ್ ಅಜ್ಜಿಗೆ ಇತ್ತು. “ಮಿಸೆಸ್ ಲಾಕ್ಯರ್. ನಲವತ್ತು ವರ್ಷ ಇಲ್ಲೇ ಇದ್ದಳು. ಗಂಡ ಹೋದ ಮೇಲೆ ಮಗಳ ಹತ್ತಿರ ಸಿಡ್ನಿಗೆ ಹೋದಳು. ಈಗಲೂ ಕ್ರಿಸ್‌ಮಸ್‌ಗೆ ಕಾರ್ಡ್ ಕಳಿಸ್ತಾಳೆ.” ಕಾರ್ಡಿನ ಹಿಂದೆ ವಿಳಾಸವಿತ್ತು: ಚಾಟ್ಸ್‌ವುಡ್, ವೃದ್ಧರ ಮನೆ. ಹೆಸರು ಡಲ್ಸಿ. ಡಿ ಸರಿ ಇತ್ತು, ಎಚ್ ಇರಲಿಲ್ಲ. ಆದರೂ ರುದ್ರಾಣಿ ಪತ್ರ ಬರೆದಳು. ಸೈಕಲ್ಲಿನ ಎರಡು ಫೋಟೊ ಇಟ್ಟಳು.

ಮೂರು ವಾರಕ್ಕೆ ಉತ್ತರ ಬಂತು. ನಡುಗುವ ಕೈಬರಹ, ನಾಲ್ಕೇ ಸಾಲು. “ಅದು ನನ್ನದೇ. ಮದುವೆಗೆ ಮುಂಚೆ ನಾನು ಡಲ್ಸಿ ಹಾಬ್ಸ್. ಹಸಿರು ಬಣ್ಣ ನನ್ನ ಗಂಡನ ಕೆಲಸ, ಗೇಟಿಗೆ ಬಳಿದು ಉಳಿದಿತ್ತು. ಬರುವುದಾದರೆ ಸೈಕಲ್ ತನ್ನಿ.”

2006ರ ಈಸ್ಟರ್ ರಜೆಯಲ್ಲಿ ಸೈಕಲನ್ನು ಕಂಬಳಿಯಲ್ಲಿ ಸುತ್ತಿ ಕಾರಿನ ಮೇಲೆ ಕಟ್ಟಿ ಮೂವರೂ ಹೊರಟರು. ವಿಜಯನಿಗೆ ರಜೆ ಮುಗಿದ ಕೂಡಲೇ ನಾರ್ತ್ ಸಿಡ್ನಿಯ ಆಫೀಸಿನಲ್ಲಿ ಮೀಟಿಂಗೂ ಇತ್ತು. ಹತ್ತು ಗಂಟೆಯ ದಾರಿ.

ಡಲ್ಸಿಗೆ ತೊಂಬತ್ತೆರಡು. ವೃದ್ಧರ ಮನೆಯ ಹಿಂದಿನ ಹುಲ್ಲಿನ ಮೇಲೆ, ಬಿಸಿಲಿನಲ್ಲಿ ಕುರ್ಚಿ ಹಾಕಿಸಿಕೊಂಡು ಕಾಯುತ್ತಿದ್ದಳು. ಕೈಗಳು ಸೊಟ್ಟಗಾಗಿದ್ದವು, ಕಣ್ಣು ಚುರುಕಾಗಿದ್ದವು. ಪಕ್ಕದಲ್ಲಿ ಅವಳ ಮಗಳಿದ್ದಳು. ರುದ್ರಾಣಿ ಕಂಬಳಿ ಬಿಚ್ಚಿ ಸೈಕಲ್ಲನ್ನು ಮುಂದೆ ನಿಲ್ಲಿಸಿದಾಗ ಡಲ್ಸಿ ಅಳಲಿಲ್ಲ, ಮುಟ್ಟಲೂ ಇಲ್ಲ. “ಹ್ಯಾಂಡಲ್ ಯಾರು ಬದಲಾಯಿಸಿದ್ದು?” ಎಂದು ಕೇಳಿ, ತಾನೇ ನೆನಪು ಮಾಡಿಕೊಂಡು, “ಓ, ನಾನೇ,” ಎಂದಳು.

“ಇದನ್ನ ಮಾಡಿದವರು ಯಾರು ಮಿಸೆಸ್ ಲಾಕ್ಯರ್?” ರುದ್ರಾಣಿಗೆ ಮೊದಲು ಅದೇ ಬೇಕಿತ್ತು.

“ವಾಲಿ. ಇಲ್ಲೇ ಸಿಡ್ನಿಯ ಮ್ಯಾರಿಕ್‌ವಿಲ್‌ನಲ್ಲಿ ನಮ್ಮ ಹಿಂದಿನ ಬೀದಿಯವನು. ಕೂಸಿನ ತಳ್ಳುಗಾಡಿ ಮಾಡ್ತಿದ್ದ, ಅದೇ ಅವನ ಕಸುಬು. ಸೈಕಲ್ ಮಾಡ್ತಿದ್ದದ್ದು ಆಸೆಗೆ. ಒಟ್ಟು ಹನ್ನೊಂದು ಮಾಡಿದಾನೋ ಏನೋ. ನನ್ನದು ಒಂಬತ್ತನೇದು. ನಾನು ಹೊಲಿಗೆ ಫ್ಯಾಕ್ಟರಿಯಲ್ಲಿದ್ದೆ, ಎರಡು ವರ್ಷ ವಾರ ವಾರ ಕಟ್ಟಿದೆ.”

“ನೀವು ಮೆಲ್ಬರ್ನಿಗೆ ಹೊರಟದ್ದು ಯಾಕೆ? ರೇಸಾ? ರೆಕಾರ್ಡಾ?”

ಡಲ್ಸಿ ಅವಳನ್ನು ವಿಚಿತ್ರವಾಗಿ ನೋಡಿದಳು. “ನನ್ನ ಅಕ್ಕ ಅಲ್ಲಿದ್ದಳು. ಅವಳಿಗೆ ಮಗು ಆಗಿತ್ತು. ನೋಡಬೇಕಿತ್ತು. ರೈಲಿಗೆ ಕಾಸಿರಲಿಲ್ಲ, ಸೈಕಲ್ ಇತ್ತು.”

ಡಲ್ಸಿಯೇ ಮುಂದುವರಿಸಿದಳು. ಅಕ್ಟೋಬರ್ ತಿಂಗಳು. ಗೇರ್ ಇಲ್ಲ. ಗೋಲ್ಬರ್ನ್ ದಾಟಿದ ಮೇಲೆ ಎಷ್ಟೋ ಕಡೆ ರಸ್ತೆಗೆ ಬರೀ ಜಲ್ಲಿ. ಒಂದು ರಾತ್ರಿ ಚರ್ಚಿನ ಹಾಲು, ಒಂದು ರಾತ್ರಿ ಪೊಲೀಸ್ ಸಾರ್ಜೆಂಟನ ಹೆಂಡತಿ ಜಗಲಿ ಕೊಟ್ಟಳು, ಒಂದು ರಾತ್ರಿ ಹುಲ್ಲಿನ ಮೆದೆ. ಬೆಟ್ಟಕ್ಕಿಂತ ಮ್ಯಾಗ್‌ಪೈ ಹಕ್ಕಿಗಳ ಕಾಟ ಹೆಚ್ಚು. ಗೂಡು ಕಟ್ಟುವ ಕಾಲವಾದ್ದರಿಂದ ತಲೆಗೆ ಎರಗುತ್ತಿದ್ದವು. ಅವು ಬೆದರಲೆಂದು ಟೋಪಿಯ ಮೇಲೆ ಚಮಚ ಸಿಕ್ಕಿಸಿಕೊಂಡು ತುಳಿದಳಂತೆ.

“ಈ ರಿಪೇರಿ?” ರುದ್ರಾಣಿ ಮೊಣಕಾಲೂರಿ ಆ ಗಂಟಿನ ಮೇಲೆ ಕೈಯಿಟ್ಟಳು.

“ಗಂಡಗೈ ಹತ್ತಿರ ಒಂದು ಇಳಿಜಾರು. ಗುಂಡಿಗೆ ಬಿದ್ದೆ. ಕೊಳವೆ ಸೀಳಿತು. ಎಂಟು ಮೈಲಿ ತಳ್ಳಿಕೊಂಡು ಹೋದೆ. ಕಮ್ಮಾರ ಜೀವಮಾನದಲ್ಲಿ ಸೈಕಲ್ ಮುಟ್ಟಿರಲಿಲ್ಲ, ನೇಗಿಲು ಮಾಡುವವನು. ಒಂದು ಸಲ ಹಾಕಿದ, ಸರಿಯಾಗಲಿಲ್ಲ ಅಂತ ಕಿತ್ತ. ಮತ್ತೆ ಹಾಕಿದ. ತಿದಿ ನಾನೇ ಊದಿದೆ. ದುಡ್ಡು ಕೇಳಿದ್ರೆ, ಹೋಗಿ ಮಗು ನೋಡು ಅಂದ.”

ರುದ್ರಾಣಿ ಆ ಒರಟು ಬೆಸುಗೆಯನ್ನು ಅಷ್ಟು ತಿಂಗಳು ನೋಡಿದ್ದಳು. ಸುತ್ತಿಗೆಯ ಗುರುತುಗಳಿದ್ದರೂ ಹಿಂಚಕ್ರ ಒಂದು ಕೂದಲಿನಷ್ಟೂ ವಾಲಿರಲಿಲ್ಲ. ಅದು ಹೇಗೆ ಎಂದು ಯೋಚಿಸಿದ್ದಳು. ನೇಗಿಲು ಮಾಡುವ ಒಬ್ಬ ಮನುಷ್ಯ, ತನಗೆ ಗೊತ್ತಿಲ್ಲದ ಕೆಲಸವನ್ನು ಎರಡನೇ ಸಲ ಮಾಡಿದ್ದ.

“ಹಾಗಾದರೆ ಸೀಮೋರ್‌ನಲ್ಲಿ ಏನಾಯಿತು? ಅಲ್ಲಿ ಯಾಕೆ ನಿಂತಿರಿ?”

“ನಿಂತೆನಾ? ಯಾರು ಹೇಳಿದ್ದು?”

“ಮೆಲ್ಬರ್ನ್ ಅಂತ ಬರೆದಿಲ್ಲವಲ್ಲ.”

ಡಲ್ಸಿ ಗಟ್ಟಿಯಾಗಿ ನಕ್ಕಳು. ಕೆಮ್ಮು ಬರುವಷ್ಟು ನಕ್ಕಳು. “ಅಯ್ಯೋ ಹುಡುಗಿ, ಅದು ದಾರಿ! ಮ್ಯಾಪು ಬಿಡಿಸಿ ನೋಡ್ತಾ ತುಳಿಯೋಕಾಗುತ್ತಾ? ವಾಲಿಗೆ ಹೇಳಿ ಊರುಗಳನ್ನ ವರಸೆಯಾಗಿ ಬರೆಸಿಕೊಂಡೆ. ಬಗ್ಗಿದ್ರೆ ಸಾಕು, ಮುಂದಿನ ಊರು ಕಾಣ್ತಿತ್ತು. ಹೋಗಬೇಕಾದ ಊರನ್ನ ಯಾರಾದ್ರೂ ಮರೀತಾರಾ? ಅದನ್ನ ಯಾಕೆ ಬರೀಬೇಕು?”

ಮಗಳು ಒಳಗಿನಿಂದ ಒಂದು ಆಲ್ಬಮ್ ತಂದಳು. ಅದರಲ್ಲೊಂದು ಕಪ್ಪು ಬಿಳುಪು ಫೋಟೊ: ಮರದ ಬೇಲಿಯ ಮುಂದೆ ಇಪ್ಪತ್ತೆರಡರ ಡಲ್ಸಿ, ಕೈಯಲ್ಲಿ ಕೂಸು, ಸೊಂಟಕ್ಕೊರಗಿದ ಸೈಕಲ್. ಹಿಂದೆ ‘ರಿಚ್ಮಂಡ್, ಅಕ್ಟೋಬರ್ 1936’ ಎಂದಿತ್ತು; ರಿಚ್ಮಂಡ್ ಮೆಲ್ಬರ್ನಿನದೇ ಒಂದು ಬಡಾವಣೆ. ರುದ್ರಾಣಿ ಚೀಲದಿಂದ ಭೂತಗನ್ನಡಿ ತೆಗೆದು ಫೋಟೊದ ಮೇಲೆ ಹಿಡಿದಳು. ಎಡ ಕೊಳವೆಯ ಮೇಲೆ, ಸಾಸಿವೆಯಷ್ಟು ದೊಡ್ಡದಾಗಿ, ಆ ಗಂಟು ಇತ್ತು. ಫೋಟೊದ ಹಿಂದೆ ಒಂದು ಪೋಸ್ಟ್‌ಕಾರ್ಡ್ ಅಂಟಿಕೊಂಡಿತ್ತು, ಗಂಡಗೈ ಪೋಸ್ಟಾಫೀಸಿನ ಮುದ್ರೆಯದು, ಅಕ್ಕನಿಗೆ ಬರೆದದ್ದು. “ಸೈಕಲ್ ಮುರಿಯಿತು. ರಿಪೇರಿ ಆಯಿತು. ಶುಕ್ರವಾರ ಬರುತ್ತೇನೆ. ಊಟಕ್ಕೆ ಕಾಯಬೇಡ.”

“ಶುಕ್ರವಾರ ಮುಟ್ಟಿದಿರಾ?” ಕೇಳಿದವನು ವಿಜಯ. ಅವನ ದನಿ ತಗ್ಗಿತ್ತು.

“ಗುರುವಾರ ಸಂಜೆ. ಗಾಳಿ ಹಿಂದಿನಿಂದ ಬೀಸಿತು.”

“ನೀವಿದನ್ನ ಯಾರಿಗೂ ಹೇಳಲಿಲ್ಲವೇ?” ಎಂದಳು ರುದ್ರಾಣಿ.

“ಯಾರು ಕೇಳಿದ್ರು? ಆ ಕಾಲಕ್ಕೆ ನನಗಿಂತ ಬೇಗ ಹೋದ ಹೆಂಗಸರಿದ್ದರು, ಪೇಪರಿನಲ್ಲಿ ಬಂದಿತ್ತು. ನನಗೆ ಐದೂವರೆ ದಿನ ಹಿಡೀತು. ಅಲ್ಲೇ ಕೆಲಸ ಸಿಕ್ಕಿತು, ಆಮೇಲೆ ಲಾಕ್ಯರ್ ಸಿಕ್ಕಿದ. ಮೂವತ್ತು ವರ್ಷ ಅದರಲ್ಲೇ ಕೆಲಸಕ್ಕೆ ಹೋದೆ. ಅದೇನು ಹೇಳಿಕೊಳ್ಳೋ ವಿಷಯ.”

ಮೆಲ್ಬರ್ನಿಗೆ ವಾಪಸ್ ಬರುವಾಗ ದಾರಿ ಬದಲಾಗಿರಲಿಲ್ಲ. ರುದ್ರಾಣಿಗೆ ಮಾತ್ರ ಬೇರೆ ಕಂಡಿತು. ಹೋಗುವಾಗ ನಿದ್ದೆ ಮಾಡಿದ್ದ ಕಡೆಗಳಲ್ಲೆಲ್ಲ ಈಗ ಕಿಟಕಿಗೆ ಮುಖವಿಟ್ಟು ಕೂತಳು. ಗೋಲ್ಬರ್ನ್ ಬಂತು. ಯಾಸ್ ಬಂತು. ನಡುನಡುವೆ ಏನೂ ಇಲ್ಲ, ಹಳದಿ ಹುಲ್ಲು, ದೂರದಲ್ಲಿ ಕುರಿಗಳು, ಒಂದರ ಹಿಂದೆ ಒಂದು ದಿಬ್ಬ. ನೂರಾ ಹತ್ತರ ವೇಗದಲ್ಲೂ ಮುಗಿಯುತ್ತಿರಲಿಲ್ಲ.

ಗಂಡಗೈ ಸಮೀಪಿಸಿದಾಗ, “ಇಲ್ಲೆ ಎಲ್ಯರ ಹಳೇ ರೋಡ್ ಇದ್ರ ಗಾಡಿ ತಗೀರಿ,” ಎಂದಳು.

ಹೆದ್ದಾರಿಯಿಂದ ಹೊರಗೆ ಹಳೆಯ ರಸ್ತೆಯ ಒಂದು ತುಂಡು ದಿಬ್ಬದ ಮೇಲೆ ಹತ್ತಿ ಹೋಗಿತ್ತು. ಯಾವ ವಾಹನವೂ ಇರಲಿಲ್ಲ. ರುದ್ರಾಣಿ ಸೈಕಲ್ ಇಳಿಸಿದಳು. ಒಂದು ವರ್ಷದಿಂದ ಅದನ್ನು ತಿಕ್ಕಿದ್ದಳು, ಅಳೆದಿದ್ದಳು, ಒರೆಸಿದ್ದಳು. ಮನೆಗೆ ತಂದ ದಿನ ಅಂಗಳದಲ್ಲಿ ಕೂತು ನೋಡಿದ್ದು ಬಿಟ್ಟರೆ ಅದರ ಮೇಲೆ ಹತ್ತಿರಲಿಲ್ಲ.

ಮೊದಲ ನೂರು ಮಾರು ಹಗುರಾಗಿ ಹೋಯಿತು. ಕೆಳಗಿನ ಉಕ್ಕು ಜೀವವಿದ್ದಂತೆ ಬಾಗಿ ಮುಂದೊತ್ತುತ್ತಿತ್ತು. ಆಮೇಲೆ ದಿಬ್ಬ ಎದ್ದು ನಿಂತಿತು. ಸೀಟಿನಿಂದೆದ್ದು ತುಳಿದಳು. ಎದೆ ಬಡಿದುಕೊಂಡಿತು, ಬಾಯಿ ಒಣಗಿತು. ಅರ್ಧಕ್ಕೆ ಕಾಲು ಸೋತು ಇಳಿದಳು. ಮಿಕ್ಕಿದ್ದನ್ನು ತಳ್ಳಿಕೊಂಡು ಹತ್ತಿ ನೆತ್ತಿಯಲ್ಲಿ ನಿಂತಾಗ, ಮುಂದೆ ಅಂಥದ್ದೇ ಇನ್ನೊಂದು ದಿಬ್ಬ. ಅದರಾಚೆ ನೀಲಿಯಾಗಿ ಮತ್ತೊಂದು. ಮೆಲ್ಬರ್ನ್ ಇನ್ನೂ ಐನೂರು ಕಿಲೋಮೀಟರ್ ಇತ್ತು.

ವಿಜಯ ಕಾರಿನಲ್ಲಿ ಮೆಲ್ಲಗೆ ಹಿಂದೆ ಬಂದು ನಿಲ್ಲಿಸಿದ. ಗಾನವಿ ಇಳಿದು ಓಡಿಬಂದಳು. “ಮಮ್, ಆರ್ ಯು ಕ್ರೈಯಿಂಗ್?”

“ಇಲ್ಲವಾ. ದಮ್ಮ ಹತ್ತೇತಿ.” ಸ್ವಲ್ಪ ಹೊತ್ತು ಸುಧಾರಿಸಿಕೊಂಡು ಗಂಡನಿಗೆ ಹೇಳಿದಳು, “ಎರಡ ಕಿಲೋಮೀಟರ್ ಆಗಲಿಲ್ರೀ ನನ್ನ ಕಡೆ. ಆಕಿ ಮುರದ ಸೈಕಲ್ಲಿನ ಮ್ಯಾಲ ಹೋದಳು. ಕೂಸ ನೋಡಾಕ.”

ವಿಜಯ ಸೈಕಲ್ಲನ್ನು ತಾನೇ ಎತ್ತಿ ಕಾರಿನ ಮೇಲಿಟ್ಟ. ಕಂಬಳಿಯನ್ನು ಎರಡು ಸಲ ಸುತ್ತಿದ.

ಮುಂದಿನ ಕೂಟದ ದಿನ ರುದ್ರಾಣಿ ಫೋಟೊದ ಪ್ರತಿ, ಪೋಸ್ಟ್‌ಕಾರ್ಡಿನ ಪ್ರತಿ, ಸೈಕಲ್ ತನ್ನದೆಂದು ಡಲ್ಸಿ ಸಹಿ ಮಾಡಿದ ಒಂದು ಹಾಳೆ ಮೂರನ್ನೂ ನೋಯೆಲನ ಮುಂದಿಟ್ಟಳು. ಅವನು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಓದಿದ. ಆಮೇಲೆ ಕಷ್ಟಪಟ್ಟು ನೆಲದ ಮೇಲೆ ಕೂತು ಆ ಗಂಟನ್ನು ನೋಡಿದ.

“ಇದನ್ನ ನೋಡಿ ನಾನು ಬೆಲೆ ಕಮ್ಮಿ ಮಾಡಿದ್ದೆ,” ಎಂದ. “ನಲವತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ ರೂಡಿ. ಇಡೀ ಸೈಕಲ್ಲಿನಲ್ಲಿ ಬೆಲೆ ಇರೋದೇ ಇಲ್ಲಿ. ನಾಲ್ಕು ಸಾವಿರಕ್ಕೆ ಕಮ್ಮಿ ಯಾರು ಹೇಳಿದ್ರೂ ಕೊಡಬೇಡ. ಆರು ಕೊಡೋ ಹುಚ್ಚರೂ ಇದಾರೆ.”

ಆ ಸಂಜೆ ಅವಳು ಡಲ್ಸಿಗೆ ಫೋನ್ ಮಾಡಿ ಹೇಳಿದಳು. ದುಡ್ಡು ನಿಮ್ಮದು, ಮಾರಿ ಕಳಿಸಲೇ ಎಂದು ಕೇಳಿದಳು.

“ನಾಲ್ಕು ಸಾವಿರವಾ! ಬಾಕ್ಸ್ ಹಿಲ್ ಮನೆಗೆ ನಾವು ಕೊಟ್ಟಿದ್ದು ಹತ್ತಿರ ಹತ್ತಿರ ಅಷ್ಟೇ. ನನಗೇನೂ ಬೇಡ. ನೀನು ಇಪ್ಪತ್ತೈದು ಕೊಟ್ಟು ತಗೊಂಡಿದೀಯ, ಸೈಕಲ್ ನಿನ್ನದು. ಮಾರು, ಇಟ್ಕೊ, ನಿನ್ನಿಷ್ಟ. ಗೋಡೆಗೆ ಮಾತ್ರ ತೂಗುಹಾಕಬೇಡ.”

ರುದ್ರಾಣಿ ಮಾರಲಿಲ್ಲ. ಕೆಲಸಕ್ಕೆ ಹೋಗಿಬರಲು ಬೇರೊಂದು ಸೈಕಲ್ ಕೊಂಡಳು; ಭಾನುವಾರ ಬೆಳಿಗ್ಗೆ ಮಾತ್ರ ಡಲ್ಸಿಯದರ ಮೇಲೆ ಹೊಳೆಯ ದಂಡೆಗುಂಟ ಹೋಗಿಬರುತ್ತಿದ್ದಳು. ಪ್ರತಿ ಸಲ ಹತ್ತಿದಾಗಲೂ ನೂರು ಡಾಲರ್ ಕಳೀತೀಯ ಎಂದು ನೋಯೆಲ್ ಬೈಯುತ್ತಿದ್ದ. ಅವನಿಗೆ ಕಣ್ಣು ಮಂಜಾಗುತ್ತ ಬಂದಂತೆ, ಕೂಟಕ್ಕೆ ಬರುವ ಹಳೆಯ ಫ್ರೇಮುಗಳನ್ನು ಅವಳ ಕೈಗೆ ಕೊಡತೊಡಗಿದ. ಕೆಲವರು ನೇರ ಬಾಕ್ಸ್ ಹಿಲ್ಲಿನ ಗರಾಜಿಗೇ ತರುತ್ತಿದ್ದರು. ಬೆಲೆ ಎಷ್ಟು ಎಂದು ಅವರು ಕೇಳಿದರೆ, ಮೊದಲು ಇದು ಯಾರದ್ದಿತ್ತು ಹೇಳಿ ಎನ್ನುತ್ತಿದ್ದಳು.

2008ರ ಜುಲೈಯಲ್ಲಿ ಡಲ್ಸಿ ತೀರಿಕೊಂಡಳು. ಮಗಳು ಫೋನ್ ಮಾಡಿದಾಗ ರುದ್ರಾಣಿ ಒಂದು ದಿನದ ರಜೆ ಹಾಕಿ ಬೆಳಗಿನ ವಿಮಾನಕ್ಕೆ ಸಿಡ್ನಿಗೆ ಹೋದಳು. ಚಾಟ್ಸ್‌ವುಡ್ಡಿನ ಸಣ್ಣ ಪ್ರಾರ್ಥನಾಮಂದಿರದಲ್ಲಿ ಇಪ್ಪತ್ತು ಜನ ಇದ್ದರು. ಮೊಮ್ಮಗನೊಬ್ಬ ಅಜ್ಜಿಯ ಗುಲಾಬಿ ಗಿಡಗಳ ಬಗ್ಗೆ, ಅವಳು ಮಾಡುತ್ತಿದ್ದ ನಿಂಬೆ ಕೇಕಿನ ಬಗ್ಗೆ ಹೇಳಿದ. ಪಾದ್ರಿ ಪುಸ್ತಕ ಮುಚ್ಚುವುದರಲ್ಲಿದ್ದಾಗ ಡಲ್ಸಿಯ ಮಗಳು ತಿರುಗಿ, “ನೀವು ಎರಡು ಮಾತು ಹೇಳಿ,” ಎಂದಳು.

ರುದ್ರಾಣಿ ಜನರ ಮುಂದೆ ನಿಂತು ಇಂಗ್ಲಿಷಿನಲ್ಲಿ ಮಾತಾಡಿದವಳೇ ಅಲ್ಲ. ಕನ್ನಡ ಸಂಘದ ವೇದಿಕೆಯನ್ನೂ ಹತ್ತಿದವಳಲ್ಲ. ಎದ್ದು ಮುಂದೆ ಹೋಗಿ ನಿಂತಳು. ಕೂಸು ಹುಟ್ಟಿದ್ದು, ರೈಲಿಗೆ ಕಾಸಿಲ್ಲದ್ದು, ಟೋಪಿಯ ಚಮಚ, ಸೀಳಿದ ಕೊಳವೆ, ತಿದಿ, ಪೋಸ್ಟ್‌ಕಾರ್ಡು, ಎಲ್ಲವನ್ನೂ ತನಗೆ ಬಂದ ಇಂಗ್ಲಿಷಿನಲ್ಲಿ, ಒಂದಾದ ಮೇಲೊಂದು ಹೇಳಿದಳು. ತಾನು ಆ ದಿಬ್ಬದ ಮೇಲೆ ಅರ್ಧಕ್ಕೆ ಇಳಿದದ್ದನ್ನೂ ಹೇಳಿದಳು. ಹತ್ತು ನಿಮಿಷ ಹಿಡಿದಿರಬೇಕು. ಮೊಮ್ಮಗ ಬಾಯಿ ತೆರೆದು ಕೂತಿದ್ದ. ಅವನಿಗೆ ಅಜ್ಜಿ ಸೈಕಲ್ ಹೊಡೆಯುತ್ತಿದ್ದಳೆಂಬುದೇ ಗೊತ್ತಿರಲಿಲ್ಲ.

ಅವಳು ವಾಪಸ್ ಬಂದು ಕೂತಳು. ಕೊನೆಯ ಬೆಂಚಿನಲ್ಲಿ, ವೃದ್ಧರ ಮನೆಯಲ್ಲಿ ಡಲ್ಸಿಯ ಜೊತೆ ದಿನಾ ಇಸ್ಪೀಟು ಆಡುತ್ತಿದ್ದ ಮುದುಕನೊಬ್ಬ ಕಿವಿಗೆ ಕೈಯೊಡ್ಡಿ ಎಲ್ಲವನ್ನೂ ಕೇಳಿದ್ದ. ಕಿವಿ ಮಂದ, ಆದ್ದರಿಂದ ತಾನು ಎಷ್ಟು ಗಟ್ಟಿಯಾಗಿ ಮಾತಾಡುತ್ತೇನೆಂಬುದು ಅವನಿಗೆ ತಿಳಿಯುತ್ತಿರಲಿಲ್ಲ. ಶವಪೆಟ್ಟಿಗೆಯ ಕಡೆ ನೋಡುತ್ತ, ಇಡೀ ಮಂದಿರಕ್ಕೆ ಕೇಳುವಂತೆ ಅವನು ಬೆರಗಿನಿಂದ ಅಂದ:

“ಬ್ಲಡಿ ಹೆಲ್, ಡಲ್ಸಿ.”